ಯುಪಿಎಸ್‌ಸಿ ಪ್ರಿಲಿಮ್ಸ್ ಹೋಯ್ತು. ಮುಂದಿನದಕ್ಕೆ 347 ದಿನ ಉಂಟು. ಎಂಥ ಮಾಡುವುದು?

ಬ್ರಹ್ಮಾವರದವಳು | ಜೂನ್ 12, 2025

ನಿನ್ನೆ, ಜೂನ್ 11ಕ್ಕೆ ಸಿವಿಲ್ ಸರ್ವಿಸ್ ಪರೀಕ್ಷೆಯ ಮೊದಲ ಹಂತದ, ಅಂದರೆ ಪ್ರಿಲಿಮ್ಸ್‌ನ, ರಿಸಲ್ಟ್ ಬಂತು. ಪಿಡಿಎಫ್‌ನಲ್ಲಿ ನನ್ನ ನಂಬರ್ ಇಲ್ಲ. ಮೊಬೈಲ್‌ನಲ್ಲಿ ಹುಡುಕಿದೆ, ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದೆ. ಎರಡರಲ್ಲೂ ಇಲ್ಲ. ಇದು ಮೂರನೇ ಸಲ.

ಜಿಎಸ್ (ಸಾಮಾನ್ಯ ಅಧ್ಯಯನ) ಪರವಾಗಿಲ್ಲ. ನನ್ನನ್ನು ಮುಳುಗಿಸಿದ್ದು ಸಿಸ್ಯಾಟ್, ಲೆಕ್ಕ, ರೀಸನಿಂಗ್ ಬರುವ ಎರಡನೇ ಪೇಪರ್. ಕೋಚಿಂಗ್‌ನವರು ಹಾಕಿದ ಕೀ ಉತ್ತರ ಹಿಡಿದು ಲೆಕ್ಕ ಹಾಕಿದೆ. 40 ಪ್ರಶ್ನೆ ಮುಟ್ಟಿದ್ದೇನೆ. 29 ಸರಿ, 11 ತಪ್ಪು. ತಪ್ಪಿಗೆ ಅಂಕ ಕಳೆದರೆ 63.33. ಪಾಸಾಗಲು 66 ಬೇಕು. ತಪ್ಪಾದದ್ದರಲ್ಲಿ ಒಂದೇ ಒಂದು ಸರಿಯಾಗಿದ್ದರೆ 66.67 ಆಗುತ್ತಿತ್ತು. ಆ ಒಂದು ಯಾವುದು ಅಂತ ಕೂಡ ಗೊತ್ತುಂಟು. ಹೇಳುವುದಿಲ್ಲ, ನಗ್ತೀರಿ.

ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದಿದ್ದೇನೆ. ಅಪ್ಪನದು ಸಣ್ಣ ಜಿನಸಿನ ಅಂಗಡಿ. ಅಮ್ಮ ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ, ಅದೇ ದೊಡ್ಡ ಕಷ್ಟ. ಅಂಗಡಿಗೆ ಬರುವವರು ಮಾತ್ರ ಬಿಡುವುದಿಲ್ಲ. "ಈಗ ಎಂಥ ಮಾಡ್ತಾ ಇದ್ದಿ ಮಗಾ?" ಅಂತ ಕೇಳುತ್ತಾರೆ. ಅಪ್ಪ ತಕ್ಕಡಿ ನೋಡುತ್ತಾ ನಿಲ್ಲುತ್ತಾರೆ.

ಮುಂದಿನ ಪ್ರಿಲಿಮ್ಸ್ 2026ರ ಮೇ 24ಕ್ಕೆ. ನಿನ್ನೆಯಿಂದ ಲೆಕ್ಕ ಹಾಕಿದರೆ 347 ದಿನ. ಅಷ್ಟೂ ದಿನ ಓದಲು ನನ್ನಿಂದ ಆಗುವುದಿಲ್ಲ ಅಂತ ಗೊತ್ತಾಗಿದೆ. ಕಳೆದ ವರ್ಷ ಜುಲೈನಲ್ಲಿ ಶುರು ಮಾಡಿದ ಪುಸ್ತಕ ಅಕ್ಟೋಬರ್‌ನಲ್ಲೂ ಅದೇ ಪುಟದಲ್ಲಿತ್ತು. ಮಂಗಳೂರು–ಉಡುಪಿ ಕಡೆ ಮನೆಯಲ್ಲೇ ಕೂತು ಬರೆದವರು ಈ ನಡುವಿನ ಸಮಯವನ್ನು ಏನು ಮಾಡಿದಿರಿ? "ಧೈರ್ಯ ಬಿಡಬೇಡಿ" ಅಂತ ಮಾತ್ರ ಬರೆಯಬೇಡಿ. ಅದನ್ನು ಬೆಳಿಗ್ಗೆಯಿಂದ ಏಳು ಜನ ಹೇಳಿ ಆಯ್ತು.

ಆಟಿ ಕಳೆಂಜ | ಜೂನ್ 12

ಮೊದಲು ನಾಲ್ಕು ದಿನ ನಿದ್ರೆ ಮಾಡು ಮಾರಾಯ್ತಿ.

ಇನ್ನು ಅಂಗಡಿಗೆ ಬರುವವರಿಗೆ "ಮಳೆ ರಜೆ ಕೊಡ್ಲಿಕ್ಕೆ ಕಲೀತಾ ಇದ್ದೇನೆ" ಅಂತ ಹೇಳು. ನಮ್ಮೂರಿನ ಮಕ್ಕಳ ಪ್ರಕಾರ ಡಿಸಿಗೆ ಬೇರೆ ಕೆಲಸವೇ ಇಲ್ಲ.

ಬಾವುಟಗುಡ್ಡೆ ಬೆಂಚು | ಜೂನ್ 12

ನಾನು ನಾಲ್ಕು ಸಲ ಬರೆದವನು. ಎರಡು ಸಲ ಎರಡನೇ ಹಂತ, ಮೇನ್ಸ್ ತನಕ ಹೋಗಿದ್ದೇನೆ. ಮೊದಲ ಸಲ ನಿನ್ನ ಹಾಗೆಯೇ ಸಿಸ್ಯಾಟ್‌ನಲ್ಲಿ ಬಿದ್ದೆ, 57.5. ಪಿಯುಸಿಯಲ್ಲಿ ಕಾಮರ್ಸ್, ಡಿಗ್ರಿಯಲ್ಲಿ ಬಿಎ. ಹತ್ತನೇ ಕ್ಲಾಸಿನ ನಂತರ ಲೆಕ್ಕದ ಮುಖ ನೋಡಿದವನಲ್ಲ.

ಆಗ ಕೈಯಲ್ಲಿ ದುಡ್ಡೂ ಇರಲಿಲ್ಲ. ಪಕ್ಕದ ಮನೆಯವರು ಅವರ ಹುಡುಗನಿಗೆ ಗಣಿತ ಹೇಳಿಕೊಡು ಅಂದರು. ಒಂಬತ್ತನೇ ಕ್ಲಾಸ್. ಒಪ್ಪಿಕೊಂಡೆ. ಮೊದಲ ವಾರ ಹಿಂದಿನ ರಾತ್ರಿ ನಾನೇ ಕೂತು ಕಲಿತು ಮರುದಿನ ಹೇಳಿಕೊಡುತ್ತಿದ್ದೆ. ತಿಂಗಳಾಗುವಾಗ ನಾಲ್ಕು ಮಕ್ಕಳಾದರು, ದಸರೆಗೆ ಒಂಬತ್ತು. ಶೇಕಡಾ, ಅನುಪಾತ, ಭಾಗಿಸಿ ಉಳಿಯುವ ಶೇಷ, ಕೆಲಸ ಮತ್ತು ಸಮಯ, ಎಲ್ಲ ಅವರ ಪುಸ್ತಕದಲ್ಲೋ ಅವರ ಅಣ್ಣಂದಿರ ಪುಸ್ತಕದಲ್ಲೋ ಇತ್ತು. ಸಿಸ್ಯಾಟ್ ಲೆಕ್ಕ ಹತ್ತನೇ ಕ್ಲಾಸಿನ ಮಟ್ಟದ್ದು ಅಂತ ಸಿಲಬಸ್ಸಿನಲ್ಲೇ ಬರೆದಿದ್ದಾರೆ. ನಾವು ಅದನ್ನು ಓದಿ "ಓ, ಹತ್ತನೇ ಕ್ಲಾಸಾ" ಅಂತ ಬಿಟ್ಟುಬಿಡುತ್ತೇವೆ, ಅಷ್ಟೆ.

ಮುಂದಿನ ಸಲ 36 ಸರಿ, 12 ತಪ್ಪು. 80 ಬಂತು.

ಇದರಲ್ಲಿ ಇನ್ನೊಂದು ಲಾಭ ಉಂಟು. ಸಂಜೆ ಐದೂವರೆಗೆ ಮಕ್ಕಳು ಚೀಲ ಹಿಡಿದುಕೊಂಡು ಗೇಟಿನಲ್ಲಿ ನಿಲ್ಲುತ್ತಾರೆ. ನಿನಗೆ ಮನಸ್ಸಿಲ್ಲ, ತಲೆನೋವು, ರಿಸಲ್ಟಿನ ಬೇಜಾರು, ಏನಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಮುಖ ತೊಳೆದು ಬರಲೇಬೇಕು. ನಾವು ಬರೆಯುವ ಟೈಮ್‌ಟೇಬಲ್ ನಮ್ಮನ್ನು ಹಾಗೆ ಎಬ್ಬಿಸುವುದಿಲ್ಲ.

ಬೆಳಿಗ್ಗೆ ಮಂಗಳೂರಿನ ಬಾವುಟಗುಡ್ಡೆಯ ಲೈಬ್ರರಿಗೆ ಹೋಗುತ್ತಿದ್ದೆ, ಸೋಮವಾರ ಬಿಟ್ಟು. ಅಲ್ಲಿ ಕೂತು ಎರಡು ವರ್ಷ ಆಧುನಿಕ ಇತಿಹಾಸ ಓದಿದೆ. 1857 ಬಾಯಿಪಾಠ. 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ಹಿಡಿದು, ಇದೇ ಗುಡ್ಡೆಯಲ್ಲಿ ಬಾವುಟ ಹಾರಿಸಿದ್ದಕ್ಕೆ ಇದಕ್ಕೆ ಈ ಹೆಸರು ಬಂತು ಅಂತ ಗೊತ್ತಾದದ್ದು ಹೊರಗೆ ಚಾ ಕುಡಿಯುವಾಗ ಒಬ್ಬರು ಅಜ್ಜ ಹೇಳಿದ ಮೇಲೆ. ಆಮೇಲೆ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಕೂಡ ಅಲ್ಲೇ ಬಂತು. ನಿನಗೆ ಉಡುಪಿಯ ಅಜ್ಜರಕಾಡು ಲೈಬ್ರರಿ ಹತ್ತಿರ. ಹೋಗು. ಮನೆಯ ಮಂಚದಲ್ಲಿ ಕೂತು ಓದಬೇಡ.

ಮಲ್ಪೆ ದಕ್ಕೆ | ಜೂನ್ 13

ನಮ್ಮದು ಬೋಟಿನ ಮನೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಈಗ ದಕ್ಕೆಗೆ ಬಂದು ನೋಡಿ. ಸಾಲಾಗಿ ಬೋಟ್ ನಿಂತಿವೆ. ಅಪ್ಪ ಮತ್ತು ದೊಡ್ಡಪ್ಪ ಶೆಡ್ಡಿನಲ್ಲಿ ಕೂತು ಬಲೆ ಸರಿ ಮಾಡುತ್ತಾರೆ. ಇಂಜಿನ್ ಬಿಚ್ಚಿ ಇಟ್ಟಿದ್ದಾರೆ. ಅವರನ್ನು ಯಾರೂ "ಎಂಥ, ಖಾಲಿ ಕೂತಿದ್ದೀರಾ" ಅಂತ ಕೇಳುವುದಿಲ್ಲ. ಅಕ್ಕ, ನೀವೂ ಬಲೆ ಹೆಣೆಯುವುದು ಅಂತ ತಿಳ್ಕೊಳ್ಳಿ.

ಬ್ರಹ್ಮಾವರದವಳು | ಜೂನ್ 13

ಚೆಂದ ಹೇಳಿದಿರಿ. ಆದರೆ ನಿಮ್ಮ ಅಪ್ಪನಿಗೆ ಆಗಸ್ಟ್ 1ಕ್ಕೆ ಕಡಲು ಬಾಗಿಲು ತೆರೆಯುತ್ತದೆ, ಅದು ಗ್ಯಾರಂಟಿ. ಮೀನು ಸಿಗದಿದ್ದರೂ ಬೋಟ್ ಹೋಗುತ್ತದೆ. ನನಗೆ ಆಗಸ್ಟ್ 1 ಯಾವುದು?

ಮಲ್ಪೆ ದಕ್ಕೆ | ಜೂನ್ 13

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ ಅಕ್ಕ. ಡೀಸೆಲ್ ರೇಟಿಗೆ ಗ್ಯಾರಂಟಿ ಅಂತ ಅಪ್ಪನೂ ಹೇಳಲಿಕ್ಕಿಲ್ಲ.

ಪಿಗ್ಮಿ ಮಾಮ | ಜೂನ್ 13

ಬ್ಯಾಂಕಿನಲ್ಲಿ 36 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನೇರ ಹೇಳುತ್ತೇನೆ, ಬೇಜಾರು ಮಾಡಬೇಡ ಮಗಳೇ. ಬ್ಯಾಂಕ್ ಪರೀಕ್ಷೆ ಬರಿ. ನಿನಗೆ ಬೇಕಾದ ಲೆಕ್ಕ, ಇಂಗ್ಲಿಷ್, ರೀಸನಿಂಗ್ ಎಲ್ಲ ಅದರಲ್ಲಿ ಬರುತ್ತದೆ. ಸಿಕ್ಕಿದರೆ ಸಂಬಳ. ಸಿಗದಿದ್ದರೆ ಸಿಸ್ಯಾಟ್‌ಗೆ ಅಭ್ಯಾಸ ಆಯ್ತು.

ನೀವೆಲ್ಲ ಇಲ್ಲಿ ಕೂತು ಅರ್ಥಶಾಸ್ತ್ರ ಓದುತ್ತೀರಿ. ಈ ಎರಡು ಜಿಲ್ಲೆಯಲ್ಲಿ ಎಷ್ಟು ಬ್ಯಾಂಕ್ ಹುಟ್ಟಿತು ಗೊತ್ತುಂಟಾ? ಕೆನರಾ 1906 ಮಂಗಳೂರು. ಕಾರ್ಪೊರೇಶನ್ 1906 ಉಡುಪಿ. ಕರ್ಣಾಟಕ ಬ್ಯಾಂಕ್ 1924. ಸಿಂಡಿಕೇಟ್ 1925 ಉಡುಪಿ. ವಿಜಯಾ 1931. ಇದರಲ್ಲಿ ಎರಡು 1969ರಲ್ಲಿ ರಾಷ್ಟ್ರೀಕರಣವಾದವು, ಇನ್ನೆರಡು 1980ರಲ್ಲಿ. ಈಗ ಹೆಸರು ಉಳಿಸಿಕೊಂಡಿರುವುದು ಕೆನರಾ ಮತ್ತು ಕರ್ಣಾಟಕ ಮಾತ್ರ. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕ್‌ಗಳ ಜೊತೆ ಸೇರಿಹೋದವು. ಪಿಗ್ಮಿ ಅಂದರೆ ಏನು ಅಂತ ನಿನ್ನ ಅಪ್ಪನ ಹತ್ತಿರ ಕೇಳು. ದಿನಕ್ಕೆ ಎರಡಾಣೆ, ನಾಲ್ಕಾಣೆ ಉಳಿತಾಯದ ದುಡ್ಡು ಅಂಗಡಿ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. 1928ರಲ್ಲಿ ಶುರುವಾದದ್ದು. ಹಣಕಾಸು ಸೇರ್ಪಡೆ ಅಂತ ನೀವು ಈಗ ಉತ್ತರ ಬರೆಯುತ್ತೀರಲ್ಲ, ಅದನ್ನು ನಾವು ಸೈಕಲ್‌ನಲ್ಲಿ ಮಾಡಿದ್ದೇವೆ.

ಬಿಟ್ಟು ಬಂದವ | ಜೂನ್ 13

ಮಾಮ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಬ್ಯಾಂಕಿನ ಪಿಒ (ಅಧಿಕಾರಿ ಹುದ್ದೆಯ) ಪರೀಕ್ಷೆಗೆ ಈಗ ಅದಕ್ಕೇ ವರ್ಷಗಟ್ಟಲೆ ಓದುವವರು ಉಂಟು. "ಸುಮ್ನೆ ಬರಿ, ಸಿಕ್ಕಿದರೆ ಸಿಕ್ಕಿತು" ಅನ್ನುವ ಕಾಲ ಹೋಯ್ತು. ವೇಗವೇ ಬೇರೆ.

ನಾನು ಐದು ಸಲ ಬರೆದು 31ಕ್ಕೆ ನಿಲ್ಲಿಸಿದೆ. ಜನರಲ್‌ನವರಿಗೆ 32ರ ತನಕ ಆರು ಸಲ ಅವಕಾಶ ಉಂಟು. ಆರನೆಯದನ್ನು ನಾನೇ ಬೇಡ ಅಂದೆ. ಈಗ ಪಣಂಬೂರಿನ ಹತ್ತಿರ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ.

ನಡುವಿನ ವರ್ಷಗಳಲ್ಲಿ ನಾನು ಏನು ಮಾಡಿದೆ ಅಂದರೆ, ತಯಾರಿಗೆ ತಯಾರಿ ಮಾಡಿದೆ. ಹೊಸ ಟೈಮ್‌ಟೇಬಲ್. ಹೊಸ ಪೆನ್ನು. ಟೆಲಿಗ್ರಾಂನಲ್ಲಿ 14 ಗುಂಪು. ಟಾಪರ್‌ಗಳ ವಿಡಿಯೋ. ಮೂರು ಟೆಸ್ಟ್ ಸೀರೀಸ್ ಕೊಂಡೆ, ಒಂದನ್ನೂ ಮುಗಿಸಲಿಲ್ಲ. ಸಂಜೆಯಾಗುವಾಗ ಸುಸ್ತಾಗುತ್ತಿತ್ತು, ಹಾಗಾಗಿ ಓದಿದ್ದೇನೆ ಅಂತಲೇ ನಂಬುತ್ತಿದ್ದೆ.

ಒಂದು ತಮಾಷೆ ಹೇಳುತ್ತೇನೆ. ನವ ಮಂಗಳೂರು ದೇಶದ ಒಂಬತ್ತನೇ ಪ್ರಮುಖ ಬಂದರು, 1974, ಅಂತ ನನಗೆ ನಿದ್ರೆಯಲ್ಲೂ ಬಾಯಿಗೆ ಬರುತ್ತಿತ್ತು. ಮನೆ ಕುಳಾಯಿಯಲ್ಲಿ, ಬಂದರಿಗೆ ತೀರಾ ಹತ್ತಿರ. ಒಳಗೆ ಕಾಲಿಟ್ಟದ್ದು ಕೆಲಸಕ್ಕೆ ಸೇರಿದ ಮೇಲೆ. ಬಿಲ್ ಆಫ್ ಎಂಟ್ರಿ, ಆಮದು ಸರಕಿಗೆ ಕಸ್ಟಮ್ಸ್‌ಗೆ ಕೊಡುವ ಕಾಗದ, ಅಂದರೆ ಏನು ಅಂತ 31ರಲ್ಲಿ ಕಲಿತೆ. ಅದನ್ನು 26ರಲ್ಲಿ ಮಳೆಗಾಲದ ಮೂರು ತಿಂಗಳಲ್ಲಿ ಕಲಿಯಬಹುದಿತ್ತು. ಪರೀಕ್ಷೆಗೂ ಆಗುತ್ತಿತ್ತು, ಹೊಟ್ಟೆಗೂ ಆಗುತ್ತಿತ್ತು.

ಹಾಗಾಗಿ ಬ್ರಹ್ಮಾವರದ ತಂಗಿ, ಬಾವುಟಗುಡ್ಡೆ ಹೇಳಿದ ಟ್ಯೂಷನ್ ಒಳ್ಳೆಯದು. ಅದರ ಜೊತೆಗೆ, ಎಷ್ಟನೇ ಸಲಕ್ಕೆ ನಿಲ್ಲಿಸುತ್ತೇನೆ ಅಂತ ಈಗಲೇ ಒಂದು ಕಾಗದದಲ್ಲಿ ಬರೆದಿಡು. ಮನಸ್ಸು ತಣ್ಣಗಿರುವಾಗ ಬರೆದದ್ದು ರಿಸಲ್ಟ್ ದಿನ ಉಪಯೋಗಕ್ಕೆ ಬರುತ್ತದೆ. ನಾನು ಬರೆದಿಟ್ಟಿರಲಿಲ್ಲ. ಐದನೇ ಸಲದ ನಂತರ ಎಂಟು ತಿಂಗಳು ಬರೀ ಅದನ್ನೇ ಯೋಚಿಸಿದೆ.

ಪಿಗ್ಮಿ ಮಾಮ | ಜೂನ್ 13

ಎಂಟು ತಿಂಗಳು ಯೋಚಿಸುವ ಬದಲು ನನ್ನ ಮಾತು ಕೇಳಿದ್ದರೆ ಒಂದು ಪ್ರಮೋಷನ್ ಆಗುತ್ತಿತ್ತು. ಇರಲಿ. ಕ್ಲಿಯರಿಂಗ್ ಕೆಲಸ ಒಳ್ಳೆಯದೇ.

ಪಡುಬಿದ್ರಿ ಫೈನಲ್ ಇಯರ್ | ಜೂನ್ 14

ಒಂದು ಸಣ್ಣ ಪ್ರಶ್ನೆ. ಅರ್ಜಿ ಹಾಕಿ ಪರೀಕ್ಷೆಗೆ ಹೋಗದಿದ್ದರೆ ಒಂದು ಅಟೆಂಪ್ಟ್ ಹೋಗುತ್ತದಾ? ಮತ್ತೆ ಯುವನಿಧಿ ಸಿಗುತ್ತದಾ?

ಬಾವುಟಗುಡ್ಡೆ ಬೆಂಚು | ಜೂನ್ 14

ಅರ್ಜಿ ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ. ಪ್ರಿಲಿಮ್ಸ್‌ನ ಒಂದು ಪೇಪರಿಗೆ ಕೂತರೂ ಹೋಯ್ತು. ಬೆಳಿಗ್ಗೆ ಜಿಎಸ್ ಬರೆದು "ಸರಿಯಾಗಲಿಲ್ಲ" ಅಂತ ಮಧ್ಯಾಹ್ನ ಎದ್ದು ಬಂದರೂ ಲೆಕ್ಕಕ್ಕೆ ಬರುತ್ತದೆ. ಒಬಿಸಿಯವರಿಗೆ 35ರ ತನಕ ಒಂಬತ್ತು ಸಲ.

ಯುವನಿಧಿ ಡಿಗ್ರಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3000, ಹೆಚ್ಚೆಂದರೆ ಎರಡು ವರ್ಷ. ಮುಂದೆ ಎಂಎಗೆ ಸೇರಿದರೆ ಇಲ್ಲ. ನೀನು ಮೊದಲು ಡಿಗ್ರಿ ಮುಗಿಸು ಮಾರಾಯ.

ವಿಎ, ಘಟ್ಟದ ಬುಡ | ಜೂನ್ 15

ತಡವಾಗಿ ನೋಡಿದೆ. ಮೂರು ದಿನದಿಂದ ಮಳೆ ಡ್ಯೂಟಿ.

ನಾನು ಗ್ರಾಮ ಆಡಳಿತ ಅಧಿಕಾರಿ. ಹಳೆಯ ಹೆಸರಿನಲ್ಲಿ ಗ್ರಾಮಲೆಕ್ಕಿಗ. ಊರವರಿಗೆ ಈಗಲೂ ವಿಎ. ಕೆಲಸಕ್ಕೆ ಸೇರಿದ ಮೇಲೆ ಎರಡು ಸಲ ಪ್ರಿಲಿಮ್ಸ್ ಪಾಸಾಗಿದ್ದೇನೆ. ಮೇನ್ಸ್ ಆಗಿಲ್ಲ. ಎರಡೂ ಹೇಳಬೇಕು ಅಲ್ವಾ.

ಒಳ್ಳೆಯದು ಏನೆಂದರೆ, ನಾವು ಜಿಎಸ್ 2ರಲ್ಲಿ ಬರೆಯುವ ಆಡಳಿತ ಎಂಬುದು ನನ್ನ ಮೇಜಿನ ಮೇಲೆ ಬರುತ್ತದೆ. ಭೂಸುಧಾರಣೆ ಅಂದರೆ 1974ರ ತಿದ್ದುಪಡಿ, ಉಳುವವನೇ ಹೊಲದೊಡೆಯ, ಮುಗಿಯಿತು ಅಂದುಕೊಂಡಿದ್ದೆ. ಇಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಹಳೆಯ ಗೇಣಿ ಪದ್ಧತಿಯ, ಅಜ್ಜನ ಕಾಲದ ಕಾಗದ ಹಿಡಿದುಕೊಂಡು ಈಗಲೂ ಜನ ಬರುತ್ತಾರೆ. ಒಬ್ಬರು ಅಜ್ಜಿ ಡಿಕ್ಲರೇಷನ್ನಿನ (ಗೇಣಿ ಭೂಮಿಗೆ ಹಾಕಿದ ಅರ್ಜಿಯ) ಹಳೆಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು. ಆ ಕಾಗದವನ್ನು ಕೈಯಲ್ಲಿ ಹಿಡಿದ ಮೇಲೆ ನಾನು ಆ ವಿಷಯದ ಉತ್ತರವನ್ನು ಮೊದಲಿನ ಹಾಗೆ ಬರೆದಿಲ್ಲ.

ಕೆಟ್ಟದ್ದು ಸಮಯ. ಜೂನ್‌ನಿಂದ ಆಗಸ್ಟ್ ತನಕ ಓದುವುದನ್ನು ಮರೆತುಬಿಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಮನೆ ಮೇಲೆ ಮರ ಬಿತ್ತು ಅಂತ. ಬೆಳಿಗ್ಗೆ ಉಗ್ರಾಣಿಯನ್ನು (ಗ್ರಾಮ ಸಹಾಯಕನನ್ನು) ಕರೆದುಕೊಂಡು ಹೋಗಿ ಮಹಜರು ಮಾಡಬೇಕು, ಫೋಟೋ, ವರದಿ. ಆಮೇಲೆ ಬೆಳೆ ಹಾನಿ. ನಾನು ಬೆಳಿಗ್ಗೆ ಐದರಿಂದ ಏಳರ ತನಕ ಓದುತ್ತೇನೆ, ಅದೂ ಅಕ್ಟೋಬರ್ ನಂತರ. ಮೇನ್ಸ್ ಇರುವುದು ಆಗಸ್ಟ್‌ನಲ್ಲಿ. ಈ ವರ್ಷ ಆಗಸ್ಟ್ 22ರಿಂದ. ಅಂದರೆ ಪಾಸಾದರೂ ನನ್ನ ಮೇನ್ಸ್ ತಯಾರಿ ಪೂರ್ತಿ ಮಳೆಯಲ್ಲೇ ನೆನೆಯುತ್ತದೆ.

ಸರ್ಕಾರಿ ಕೆಲಸದಲ್ಲಿದ್ದು ಬರೆಯುವವರು ಆಫೀಸಿಗೆ ಬರಹದಲ್ಲಿ ತಿಳಿಸಬೇಕು, ಅರ್ಜಿಯಲ್ಲಿ ಹಾಗೆ ತಿಳಿಸಿದ್ದೇನೆ ಅಂತ ಒಪ್ಪಿಕೊಳ್ಳಬೇಕು. ಇದನ್ನು ಬಿಟ್ಟು ಆಮೇಲೆ ಕಷ್ಟಪಟ್ಟವರನ್ನು ನೋಡಿದ್ದೇನೆ.

ಕೆಲಸ ಹಿಡಿಯಬೇಕಾ ಬೇಡವಾ ಅಂತ ನನ್ನನ್ನು ಕೇಳಿದರೆ, ಸೋಮವಾರ ಒಂದು ಉತ್ತರ, ಸಂಬಳದ ದಿನ ಇನ್ನೊಂದು ಉತ್ತರ.

ಕನ್ನಡ ಮೀಡಿಯಂ | ಜೂನ್ 15

ಕನ್ನಡದಲ್ಲಿ ಮೇನ್ಸ್ ಬರೆದವಳು ನಾನು. ಮೇನ್ಸ್‌ಗೆ ನಾವೇ ಆರಿಸುವ ಐಚ್ಛಿಕ ವಿಷಯ ಕೂಡ ಕನ್ನಡ ಸಾಹಿತ್ಯ. ಪ್ರಿಲಿಮ್ಸ್ ಪ್ರಶ್ನೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಮೇನ್ಸ್ ಮತ್ತು ಸಂದರ್ಶನ ಕನ್ನಡದಲ್ಲಿ ಮಾಡಬಹುದು.

ಮಳೆಗಾಲಕ್ಕೆ ಐಚ್ಛಿಕ ಒಳ್ಳೆಯದು ಅಂತ ನನ್ನ ಅನುಭವ. ಪ್ರಿಲಿಮ್ಸ್‌ನ ಬಿಡಿ ಬಿಡಿ ಸಂಗತಿ ಜುಲೈನಲ್ಲಿ ಓದಿದರೆ ಮೇ ತಿಂಗಳಿಗೆ ತಲೆಯಲ್ಲಿ ಇರುವುದಿಲ್ಲ. ಆದರೆ ಪಂಪನನ್ನು ಜುಲೈನಲ್ಲಿ ನಿಧಾನ ಓದಿದರೆ ಮುಂದಿನ ಜುಲೈಗೂ ಇರುತ್ತಾನೆ. ಹೊರಗೆ ಮಳೆ, ಒಳಗೆ ಕುಮಾರವ್ಯಾಸ. ರತ್ನಾಕರವರ್ಣಿಯಂತೂ ನಮ್ಮ ಮೂಡುಬಿದಿರೆಯವನೇ. ಅವನನ್ನು ಓದಿ ಮುಗಿಸಿದ ಮರುದಿನ ಬಸ್ ಹತ್ತಿ ಸಾವಿರ ಕಂಬದ ಬಸದಿಗೆ ಹೋಗಿ ಕೂತಿದ್ದೆ. ಅದನ್ನು ಓದು ಅಂತ ಲೆಕ್ಕ ಹಿಡಿಯಬೇಕಾ ತಿರುಗಾಟ ಅಂತ ಹಿಡಿಯಬೇಕಾ ಗೊತ್ತಿಲ್ಲ.

ಐಚ್ಛಿಕದಲ್ಲಿ ಎಂಎ ಮಾಡಿದವರು ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬೇಕು. ವರ್ಷಕ್ಕೆ ಎರಡು ಸಲ ಇರುತ್ತದೆ. ಓದುವುದು ಹೆಚ್ಚು ಕಡಿಮೆ ಅದನ್ನೇ. ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000. ಮನೆಯವರ ಬಾಯಿ ಮುಚ್ಚಲು ಇಷ್ಟು ಒಳ್ಳೆಯ ಮೊತ್ತ ಬೇರೆ ಇಲ್ಲ. ನಾನು ಸಿಗದವಳು, ಸಿಕ್ಕಿದವರನ್ನು ನೋಡಿ ಹೇಳುತ್ತಿದ್ದೇನೆ.

ಇನ್ನು ಉತ್ತರ ಬರೆಯುವುದು. ಜಿಎಸ್ ಪೇಪರಿನಲ್ಲಿ ಮೂರು ಗಂಟೆಗೆ 20 ಪ್ರಶ್ನೆ. ಸರಾಸರಿ ಒಂದಕ್ಕೆ ಒಂಬತ್ತು ನಿಮಿಷ. ಕನ್ನಡದಲ್ಲಿ ಬರೆಯುವಾಗ ಕೈ ನಿಧಾನ, ಒತ್ತಕ್ಷರ ಬೇರೆ. ದಿನಕ್ಕೆ ಎರಡೇ ಉತ್ತರ, ಗಡಿಯಾರ ಎದುರಿಗೆ ಇಟ್ಟು. ನವೆಂಬರ್‌ಗೆ ಕೈ ಬೇರೆಯವರದ್ದೇನೋ ಅನಿಸುತ್ತದೆ.

ಅರ್ಥಧಾರಿ | ಜೂನ್ 16

ಇಲ್ಲಿ ಎಲ್ಲರೂ ದುಡ್ಡು, ಮಾರ್ಕು ಅಂತ ಹೇಳಿದಿರಿ. ನಾನು ಸ್ವಲ್ಪ ಬೇರೆ ದಾರಿಯವನು.

ಪತ್ತನಾಜೆಗೆ, ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ದೀಪಾವಳಿ ಕಳೆಯುವ ತನಕ ಬಯಲಾಟ ಇಲ್ಲ. ಈಗ ತಾಳಮದ್ದಳೆಯ ಕಾಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅದರ ಅರ್ಥ ಹಿಡಿದು ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಬರೆದುಕೊಟ್ಟ ಸಂಭಾಷಣೆ ಇಲ್ಲ. ಎದುರಿನವನು ಎಲ್ಲಿಗೆ ಎಳೆಯುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ.

ನಾನು ಎರಡನೇ ಸಲ ಫೇಲಾದ ವರ್ಷ ಊರಿನ ಸಂಘದವರು ಜನ ಇಲ್ಲ ಅಂತ ಕರೆದು ಕೂರಿಸಿದರು. ವಾಲಿವಧೆ. ನನಗೆ ರಾಮ. ವಾಲಿಯ ಅರ್ಥ ಹೇಳುವವರು ಎಪ್ಪತ್ತು ದಾಟಿದ ಮೇಷ್ಟ್ರು. "ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನ್ನ ಧರ್ಮ ಯಾವುದು" ಅಂತ ಶುರು ಮಾಡಿದವರು ಮುಕ್ಕಾಲು ಗಂಟೆ ಬಿಡಲಿಲ್ಲ. ನಾನು ಹತ್ತು ನಿಮಿಷದಲ್ಲಿ ಖಾಲಿ. ನೀರು ಕುಡಿದೆ. ಮತ್ತೆ ನೀರು ಕುಡಿದೆ. ಸಭೆ ನಕ್ಕಿತು.

ಆ ಮಳೆಗಾಲದಲ್ಲಿ ಏಳು ಕೂಟದಲ್ಲಿ ಕೂತೆ. ಸೋಲುವುದು ಗೊತ್ತಿದ್ದೂ ಮುಖ ಬಿಗಿಯದೆ ಉತ್ತರ ಕೊಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಮರ್ಯಾದೆಯಲ್ಲಿ ಒಪ್ಪುವುದು, ಎದುರಿನವರ ಮಾತಿನ ಕೊನೆಯ ಶಬ್ದದಿಂದ ನನ್ನ ಮಾತು ಎತ್ತುವುದು, ಇವೆಲ್ಲ ಅಲ್ಲಿ ಕಲಿತದ್ದು. ಎಥಿಕ್ಸ್ ಪೇಪರಿನ ಕೇಸುಗಳನ್ನು ನೋಡಿದಾಗ ಮೇಷ್ಟ್ರ ಧ್ವನಿಯೇ ಕೇಳುತ್ತದೆ. ಎರಡು ವರ್ಷದ ನಂತರ ಸಂದರ್ಶನದ ತನಕ ಹೋದೆ, 275 ಅಂಕದ್ದು. ಬೋರ್ಡಿನಲ್ಲಿ ಇದ್ದದ್ದು ಐದು ಜನ. ಐವರೂ ಸೇರಿದರೂ ನಮ್ಮ ಮೇಷ್ಟ್ರಷ್ಟು ಬೆವರಿಳಿಸಲಿಲ್ಲ.

ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆದರೆ ತಾಳಮದ್ದಳೆಯಿಂದ ಬರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ನನ್ನ ಪ್ರಬಂಧದ ಅಂಕ ತೀರಾ ಕಡಿಮೆ ಇತ್ತು.

ಆಟಿ ಕಳೆಂಜ | ಜೂನ್ 16

ಅರ್ಥಧಾರಿಗಳೇ, ನಿಮ್ಮ ಪ್ರಬಂಧ ಕೂಡ ಮುಕ್ಕಾಲು ಗಂಟೆ ಎಳೆದಿರಬೇಕು.

ಹುಡುಗನ ಅಮ್ಮ | ಜೂನ್ 17

ನಾನು ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನನ್ನ ಮಗ ಈ ಪರೀಕ್ಷೆ ಬರೆಯುತ್ತಾನೆ. ಮನೆ ಮಣಿಪಾಲದ ಹತ್ತಿರ. ಅವನ ಕೋಣೆಯ ಲೈಟ್ ರಾತ್ರಿ ಎರಡಕ್ಕೂ ಉರಿಯುತ್ತಿರುತ್ತದೆ. ಓದುತ್ತಾನಾ ಮೊಬೈಲ್ ನೋಡುತ್ತಾನಾ ತಿಳಿಯುವುದಿಲ್ಲ. ಕೇಳಿದರೆ ಸಿಟ್ಟು. ಕೇಳದಿದ್ದರೆ "ನಿಮಗೆ ನನ್ನ ಚಿಂತೆಯೇ ಇಲ್ಲ" ಅನ್ನುತ್ತಾನೆ. ಮೊನ್ನೆ ಮದುವೆಗೆ ಬರಲಿಲ್ಲ. ನಾನು ನೆಂಟರಿಗೆ ಜ್ವರ ಅಂತ ಹೇಳಿದೆ. ಎಷ್ಟು ಸಲ ಜ್ವರ ಅಂತ ಹೇಳುವುದು?

ಬ್ರಹ್ಮಾವರದವಳು | ಜೂನ್ 17

ಅಮ್ಮ, ಅವನಿಗೆ ಮನೆಯ ಕೆಲಸ ಹೇಳಿ. ನಿಜವಾಗಿ ಹೇಳುತ್ತಿದ್ದೇನೆ. ನನ್ನ ಅಮ್ಮ "ನೀನು ಓದು, ನಾನು ಮಾಡ್ತೇನೆ" ಅಂತ ಎಲ್ಲದರಿಂದ ನನ್ನನ್ನು ದೂರ ಇಡುತ್ತಾರೆ. ಅದು ಪ್ರೀತಿ, ಗೊತ್ತುಂಟು. ಆದರೆ ಅಮ್ಮ ಬೀಡಿ ಸೂಪಿನ (ಮೊರದ) ಎದುರು ಬಗ್ಗಿ ಕೂತಿರುವಾಗ ನಾನು ಓದದೆ ಗೋಡೆ ನೋಡುತ್ತಾ ಕೂತಿರುತ್ತೇನಲ್ಲ, ಆಗ ಆಗುವ ಸಂಕಟ ಯಾರಿಗೂ ಬೇಡ. ಕಾಯಿ ತುರಿ ಅಂತ ಹೇಳಿ. ರೇಷನ್ ತರಲು ಕಳಿಸಿ. ಬೈದರೆ ಬೈಯಲಿ.

ಹುಡುಗನ ಅಮ್ಮ | ಜೂನ್ 17

ಸರಿ ಮಗಳೇ. ನಾಳೆ ಗ್ಯಾಸ್ ಸಿಲಿಂಡರ್ ತರಲು ಉಂಟು.

ಬ್ರಹ್ಮಾವರದವಳು | ಜೂನ್ 19

ಎಲ್ಲವನ್ನೂ ಎರಡು ಸಲ ಓದಿದೆ. ಪಿಗ್ಮಿ ಮಾಮನ ಮಾತು ನನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ಪಿಗ್ಮಿ ಅಂದದ್ದೇ ತಡ, ಅರ್ಧ ಗಂಟೆ ಹಳೆಯ ಏಜೆಂಟರ ಕತೆ ಹೇಳಿದರು. ರಿಸಲ್ಟ್ ಬಂದ ಮೇಲೆ ನನ್ನ ಹತ್ತಿರ ಅಷ್ಟು ಮಾತನಾಡಿದ್ದು ಅದೇ ಮೊದಲು.

ಟ್ಯೂಷನ್ ಶುರು ಮಾಡುತ್ತೇನೆ. ಅಂಗಡಿಯ ಹಿಂದೆ ಗೋಣಿ ಇಡುವ ಕೋಣೆ ಉಂಟು. ತಮ್ಮ ಬಿಳಿ ಬೋರ್ಡ್ ತರುತ್ತೇನೆ ಅಂದಿದ್ದಾನೆ. ಅಂಗಡಿಗೆ ಬಂದು "ಎಂಥ ಮಾಡ್ತಾ ಇದ್ದಿ" ಅಂತ ಕೇಳುವವರ ಮಕ್ಕಳನ್ನೇ ಮೊದಲು ಹಿಡಿಯುತ್ತೇನೆ.

ಕಾಗದದಲ್ಲಿ ಬರೆದಿಡುವುದು ಇನ್ನೂ ಆಗಿಲ್ಲ. ಕೈ ಬರುವುದಿಲ್ಲ.

ಬಿಟ್ಟು ಬಂದವ | ಜೂನ್ 19

ಅವಸರ ಇಲ್ಲ. ಪೆನ್ಸಿಲ್‌ನಲ್ಲಾದರೂ ಬರಿ.

ಬ್ರಹ್ಮಾವರದವಳು | ನವೆಂಬರ್ 23, 2025

ಹಳೆಯ ಚರ್ಚೆಯನ್ನು ಮೇಲೆ ತಂದದ್ದಕ್ಕೆ ಕ್ಷಮಿಸಿ. ಒಬ್ಬರು "ಆಮೇಲೆ ಏನಾಯ್ತು" ಅಂತ ಕೇಳಿದ್ದರು.

ಜುಲೈನಲ್ಲಿ ಮೂರು ಮಕ್ಕಳು. ಅದರಲ್ಲಿ ಮಳೆ ರಜೆ ಬೇರೆ. ಶಾಲೆಗೆ ರಜೆ ಅಂದರೆ ಟ್ಯೂಷನ್‌ಗೂ ರಜೆ ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ಈಗ 11 ಮಕ್ಕಳು, ಒಬ್ಬರಿಗೆ 500. ಟೆಸ್ಟ್ ಸೀರೀಸಿನ ದುಡ್ಡು ಈ ಸಲ ನಾನೇ ಕಟ್ಟಿದೆ. ಒಂದೇ ಸೀರೀಸ್.

ಮೊದಲ ತಿಂಗಳು ನಾಚಿಕೆಯಾಯ್ತು. ಒಂಬತ್ತನೇ ಕ್ಲಾಸಿನ ಹುಡುಗಿ "ಅಕ್ಕ, 7ರ ಘಾತ 100ನ್ನು 5ರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ" ಅಂತ ಎಲ್ಲಿಂದಲೋ ಹಿಡಿದುಕೊಂಡು ಬಂದಳು. ನಾಳೆ ಹೇಳುತ್ತೇನೆ ಅಂದೆ. ರಾತ್ರಿ ಕೂತು ನೋಡಿದರೆ ಕೊನೆಯ ಅಂಕಿ 7, 9, 3, 1, ಮತ್ತೆ 7. ನಾಲ್ಕಕ್ಕೊಂದು ಸುತ್ತು. ನೂರಕ್ಕೆ ಬರುವಾಗ 1. ಉಳಿಯುವುದೂ 1. ಮೇ 25ರಂದು ನಾನು ಕೈಬಿಟ್ಟ ಲೆಕ್ಕ ಇದೇ ಜಾತಿಯದ್ದು. ನಗ್ತೀರಿ ಅಂತ ಹೇಳಿದ್ದೆನಲ್ಲ, ಅದು. ಬೆಳಿಗ್ಗೆ ಹುಡುಗಿ ಶಾಲೆಗೆ ಹೋಗುವಾಗ ದಾರಿಯಲ್ಲೇ ನಿಲ್ಲಿಸಿ ಹೇಳಿದೆ. ಅವಳಿಗೆ ಆಗಲೇ ಮರೆತು ಹೋಗಿತ್ತು.

ಭಾನುವಾರ ಎರಡು ಗಂಟೆ ಗಡಿಯಾರ ಇಟ್ಟು ಹಳೆಯ ಸಿಸ್ಯಾಟ್ ಪೇಪರ್ ಮಾಡುತ್ತೇನೆ. 66 ದಾಟುತ್ತದೆ. ಎರಡು ಸಲ ದಾಟಲಿಲ್ಲ. ಆ ಎರಡೂ ಸಲ ಜಾಸ್ತಿ ಪ್ರಶ್ನೆ ಮುಟ್ಟಿದ್ದೆ.

ಆಗಸ್ಟ್ ಪೂರ್ತಿ ಹಾಳಾಯ್ತು. ಸುಳ್ಳು ಹೇಳುವುದಿಲ್ಲ. ಮೇನ್ಸ್ ಬರೆಯಲು ಬೆಂಗಳೂರಿಗೆ ಹೋದ ಗೆಳತಿಯ ಸ್ಟೇಟಸ್ ನೋಡಿ ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಸಂಜೆ ಮಕ್ಕಳು ಬರುತ್ತಿದ್ದರು, ಹಾಗಾಗಿ ಸಂಜೆ ಮಾತ್ರ ಮನುಷ್ಯಳ ಹಾಗೆ ಇದ್ದೆ.

ಬ್ಯಾಂಕ್ ಪರೀಕ್ಷೆಯನ್ನೂ ಬರೆದೆ ಮಾಮ. ಪ್ರಿಲಿಮ್ಸ್‌ನಲ್ಲೇ ಹೋಯ್ತು. ಬಿಟ್ಟು ಬಂದವರು ಹೇಳಿದ ಹಾಗೆ ವೇಗವೇ ಬೇರೆ. ಕಾಗದವನ್ನೂ ಬರೆದಿಟ್ಟಿದ್ದೇನೆ, ಪೆನ್ಸಿಲ್‌ನಲ್ಲಿ.

ಪಿಗ್ಮಿ ಮಾಮ | ನವೆಂಬರ್ 23

ಇನ್ನೊಂದು ಸಲ ಬರಿ.

ಅರ್ಥಧಾರಿ | ನವೆಂಬರ್ 23

ನಮ್ಮ ಕಡೆ ಮೇಳ ಹೊರಟಿತು. ನಿನ್ನ ಮನೆಯ ಹತ್ತಿರ ಆಟ ಇದ್ದರೆ ಒಂದು ರಾತ್ರಿ ಹೋಗು, ಪಾಪ ಬರುವುದಿಲ್ಲ.

ಬ್ರಹ್ಮಾವರದವಳು | ನವೆಂಬರ್ 23

ಶನಿವಾರ ಅಂಗಡಿಯ ಹಿಂದಿನ ಗದ್ದೆಯಲ್ಲೇ ಉಂಟು. ಅಪ್ಪ ಚಾಪೆ ಈಗಲೇ ತೆಗೆದಿಟ್ಟಿದ್ದಾರೆ. ಕ್ಯಾಲೆಂಡರ್ ನೋಡಿದೆ, ಮೇಳ ಗೆಜ್ಜೆ ಬಿಚ್ಚುವುದೂ ನನ್ನ ಪ್ರಿಲಿಮ್ಸೂ ಹೆಚ್ಚು ಕಡಿಮೆ ಒಂದೇ ದಿನ ಬರುತ್ತದೆ.

ಯಾರಲ್ಲಾದರೂ ಎಂಟನೇ ಕ್ಲಾಸಿನ ಗಣಿತದ ಹಳೆಯ ಪ್ರಶ್ನೆಪತ್ರಿಕೆ ಇದ್ದರೆ ಕಳಿಸಿ. ಮಂಗಳವಾರ ಮಕ್ಕಳಿಗೆ ಟೆಸ್ಟ್ ಇಟ್ಟಿದ್ದೇನೆ, ನಾನೇ ಮಾಡಿದ ಪೇಪರ್ ತುಂಬ ಕಷ್ಟ ಅಂತ ತಮ್ಮ ಹೇಳುತ್ತಾನೆ.